ಹಿಂದಿನ ಬಚ್ಚಲಿನ ಹುಳುಗಳು

ಮನೆಯಿಂದ
ಹದಿನಾಲ್ಕನೇ ತಾರೀಕು, ಭಾನುವಾರ, ಮಧ್ಯಾಹ್ನ

ರೀ,

ಈ ಒಂದಕ್ಷರದಲ್ಲೇ ಇಷ್ಟು ವರ್ಷ ಸಂಸಾರ ನಡೆಸಿದವಳು ನಾನು. ಕಾಗದದಲ್ಲಿ ಮಾತ್ರ ‘ಪ್ರಾಣಕಾಂತ’ ಅಂತೆಲ್ಲ ಬರೆಯಹೋದರೆ, ಯಾರದೋ ಕಾಗದ ಯಾರಿಗೋ ಬಂತೆಂದು ನೀವೇ ವಾಪಸ್ಸು ಕಳಿಸಿಬಿಡುತ್ತೀರಿ. ಹೇಗಿದ್ದೀರಿ? ಮೊಣಕಾಲು ಹೇಗಿದೆ? ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ ಮಣ್ಣು ಬಗೆಯುವಾಗ ನಾನು ಹೊಲಿದುಕೊಟ್ಟ ಆ ದಪ್ಪ ದಿಂಬನ್ನು ಕೆಳಗೆ ಹಾಕಿಕೊಳ್ಳುತ್ತೀರೋ, ಇಲ್ಲ ಕೊಳೆಯಾಗುತ್ತದೆ ಅಂತ ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದೀರೋ? ಕೊಳೆಯಾಗಲಿ ಅಂತಲೇ ಹೊಲಿದದ್ದು ಮಾರಾಯರೇ. ಕೆಮ್ಮು ನಿಜವಾಗಿ ಹೋಯಿತೇ, ಅಥವಾ ಹೋಯಿತು ಎಂದು ನನಗೆ ಬರೆದು ಕೈತೊಳೆದುಕೊಂಡಿರೇ? ನಾನು ಚೆನ್ನಾಗಿದ್ದೇನೆ. ನಡುವೆ ಜ್ವರ ಬಂದಿತ್ತು, ಈಗ ಇಲ್ಲ. ಅದನ್ನು ಮುಂದೆ ಬರೆಯುತ್ತೇನೆ, ಈಗಲೇ ಹುಬ್ಬು ಗಂಟಿಕ್ಕಬೇಡಿ. ಮಗಳು, ಅಳಿಯ ಕ್ಷೇಮ. ಮಗಳು ಎಂದಿನಂತೆ ಬೆಳಿಗ್ಗೆ ಫೋನ್ ಮಾಡಿದ್ದಳು. ‘ಅಪ್ಪ ಏನಂತಾರಮ್ಮ?’ ಅಂದಳು. ‘ಅಪ್ಪ ಏನೂ ಅನ್ನಲ್ಲ ಕಣೇ, ಅಮ್ಮ ಏನಂತಾಳೆ ಅಂತ ಕೇಳಿ ಕೂತಿದ್ದಾರೆ’ ಅಂದೆ. ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ.

ನಿಮ್ಮ ಕಾಗದ ಬಂದು ಕೆಲವು ದಿನವಾಯಿತು. ಓದಿದೆ, ಮಡಚಿಟ್ಟೆ, ಮತ್ತೆ ಓದಿದೆ. ಉತ್ತರ ಬರೆಯಲು ಕೂತಾಗಲೆಲ್ಲ ಏನೋ ಒಂದು ನೆಪ ಸಿಗುತ್ತಿತ್ತು. ಒಂದು ದಿನ ಹಾಲು ಉಕ್ಕಿತು, ಇನ್ನೊಂದು ದಿನ ಪೆನ್ನು ಸಿಗಲಿಲ್ಲ. ನೀವು ಕೇಳಿರುವುದು ಒಂದೇ ಮಾತು. ‘ಬಂದುಬಿಡಲೋ, ಇನ್ನೆರಡು ವರ್ಷ ಇಲ್ಲೇ ಇರಲೋ? ನೀನು ಹೇಳಿದ ಹಾಗೆ.’ ತಿಂಗಳ ಕೊನೆಯೊಳಗೆ ನಿಮ್ಮ ದೊಡ್ಡ ಸಾಹೇಬರಿಗೆ ತಿಳಿಸಬೇಕು, ಅಷ್ಟರಲ್ಲಿ ನನ್ನ ಉತ್ತರ ಬರಬೇಕು ಎಂದಿದ್ದೀರಿ. ನನ್ನ ತಲೆಯ ಮೇಲೆ ಹಾಕಿ ನೀವು ಹಾಯಾಗಿ ಕೂತಿರಿ. ಈ ಮನುಷ್ಯನಿಗೆ ಅಂಗಿಯ ಬಣ್ಣ ಆರಿಸುವುದಕ್ಕೂ ನಾನೇ ಬೇಕು, ಬದುಕು ಎಲ್ಲಿರಬೇಕು ಅಂತ ಆರಿಸುವುದಕ್ಕೂ ನಾನೇ ಬೇಕು. ಇರಲಿ, ಉತ್ತರ ಬರೆದೇ ಬರೆಯುತ್ತೇನೆ. ಅದಕ್ಕೆ ಮೊದಲು ಸ್ವಲ್ಪ ಮಾತಾಡಿಕೊಳ್ಳುತ್ತೇನೆ, ಮಾತಾಡದೆ ಬಾಯಿ ತುಕ್ಕು ಹಿಡಿದಿದೆ.

ನಿಮ್ಮ ಕಾಗದದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಆ ಸಾಲು, ‘ಇಷ್ಟು ದಿನ ಮಾಡಿದ್ದೆಲ್ಲ ಮಣ್ಣುಪಾಲು’ ಎಂದದ್ದು. ಮಣ್ಣಿನ ಹುಳುಗಳ ಬೆನ್ನುಹತ್ತಿದವರು ನೀವು. ಮಣ್ಣಿನ ಮೇಲೆ ನಿಮಗೆ ಯಾವತ್ತೂ ಬೇಸರ ಬಂದದ್ದು ನಾನು ಕಂಡಿರಲಿಲ್ಲ. ನೀವು ಹೊರಟ ದಿನ ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ. ಆ ಹಾಲಿನಮ್ಮನ ಹುಲ್ಲುಗಾವಲಿನಲ್ಲಿ ಗೊಣ್ಣೆಹುಳುಗಳು ನೆಲದೊಳಗೆ ಕೂತು ಬೇರನ್ನೆಲ್ಲ ಕತ್ತರಿಸಿ ತಿಂದಿವೆ, ಹುಲ್ಲು ಮೇಲೆ ಹಸಿರಾಗಿಯೇ ಕಾಣುತ್ತದೆ, ಹಿಡಿದೆಳೆದರೆ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಬರುತ್ತದೆ, ಹಸುಗಳು ನಡೆದರೆ ಕಾಲಡಿಯೇ ಜಾರುತ್ತದೆ ಎಂದು ನೀವು ಕಣ್ಣರಳಿಸಿ ಹೇಳುತ್ತಿದ್ದಿರಿ. ಆ ಹೆಂಗಸು ಮೂರು ಸಲ ಹೊಸ ಬೀಜ ಬಿತ್ತಿ ಮೂರು ಸಲವೂ ಸೋತಿದ್ದಾಳೆ, ಇನ್ನೊಂದು ಸಲ ಹೀಗಾದರೆ ಹಸುಗಳನ್ನು ಮಾರಿಬಿಡುತ್ತಾಳೆ ಎಂದೂ ಹೇಳಿದಿರಿ. ಹಿಂದೆ ವಿಷದ ಹರಳು ಹಾಕುತ್ತಿದ್ದರಂತೆ. ಅದು ಹಳ್ಳಕ್ಕಿಳಿದು ಮೀನು ತೇಲಿದ ಮೇಲೆ ನಿಲ್ಲಿಸಿದರಂತೆ. ಆಗ ನೀವು ಹೊರಟಿರಿ, ವಿಷ ಬೇಡ, ಹುಳುವಿಗೇ ರೋಗ ಹತ್ತಿಸುವ ಒಂದು ಬೂಷ್ಟು ಇದೆ ಎಂದು. ಅದನ್ನು ನನಗೆ ಅರ್ಥ ಮಾಡಿಸಲು ಊಟದ ತಟ್ಟೆಯ ಪಕ್ಕದಲ್ಲೇ ಗಾಜಿನ ಬಟ್ಟಲಿಟ್ಟು ಸತ್ತ ಹುಳು ತೋರಿಸಿದವರು ನೀವು. ಬೇರೆ ಹೆಂಡತಿಯಾಗಿದ್ದರೆ ಅವತ್ತೇ ತವರಿಗೆ ಹೋಗಿರುತ್ತಿದ್ದಳು. ‘ನೋಡೇ, ಕೊಳೆತಿಲ್ಲ, ಕಡ್ಡಿಯ ಹಾಗೆ ಸೆಟೆದಿದೆ. ಮೊದಲು ಬಿಳಿ ಬೂಷ್ಟು, ಆಮೇಲೆ ಹಸಿರು ಪುಡಿ. ಈ ಪುಡಿಯೇ ಪಕ್ಕದ ಹುಳುವಿಗೆ ಹತ್ತೋದು’ ಎಂದಿರಿ. ನಾನು ತುತ್ತು ಬಾಯಿಗಿಡದೆ ಕೂತಿದ್ದೆ.

ಈಗ ನೋಡಿದರೆ ಆ ಬೂಷ್ಟು ಬೆಚ್ಚಗಿನ ಜಾಗದಿಂದ ಬಂದದ್ದಂತೆ, ಆ ಚಳಿಯ ಮಣ್ಣಲ್ಲಿ ಮಲಗಿಬಿಟ್ಟಿತಂತೆ, ಹುಳುಗಳು ಅದರ ಪಕ್ಕದಲ್ಲೇ ಆರಾಮಾಗಿ ಬೇರು ತಿಂದುಕೊಂಡಿವೆಯಂತೆ. ‘ನನ್ನ ಬೂಷ್ಟಿಗೇ ಶೀತ ಆಗಿದೆ’ ಎಂದು ಬರೆದಿದ್ದೀರಿ. ನಗಿಸಲು ಬರೆದದ್ದು, ಗೊತ್ತು. ಆ ತಣ್ಣನೆಯ ಮಣ್ಣಲ್ಲೇ ಹುಟ್ಟಿ ಬೆಳೆದ ಬೂಷ್ಟು ಒಂದು ಎಲ್ಲೋ ಇರಲೇಬೇಕು ಎಂದು ಹಳ್ಳದ ದಂಡೆ, ಕಾಡಿನಂಚು, ಅಕ್ಕಪಕ್ಕದವರ ಹುಲ್ಲುಗಾವಲುಗಳ ಮಣ್ಣನ್ನೆಲ್ಲ ತಂದು ಹುಡುಕಿದಿರಿ, ಸಿಗಲಿಲ್ಲ. ದೊಡ್ಡ ಸಾಹೇಬರು ಹೇಳಿದ್ದು ಸರಿಯೇ ಇದೆ. ವಾಪಸ್ಸು ಬಂದು ಮೇಜಿನ ಮುಂದೆ ಕೂತು ಇದನ್ನು ಮುಗಿಸಿಬಿಡಿ, ಇಲ್ಲವಾದರೆ ಹುಳುವಿನ ಇನ್ನೊಂದು ಪೂರ್ತಿ ಜೀವಮಾನ ಅಲ್ಲೇ ಇದ್ದು ಹೊಸದಾಗಿ ಹುಡುಕಿ, ಅಂತ. ಈ ಹುಳುವಿನ ಆಯುಷ್ಯವಾದರೂ ಎಂಥದ್ದು! ಎರಡು ವರ್ಷ ಕತ್ತಲಲ್ಲಿ ತಿನ್ನುವುದು, ಕೊನೆಗೆ ರೆಕ್ಕೆ ಬಂದು ಕೆಲವು ಸಂಜೆ ಹಾರಾಡಿ ಮೊಟ್ಟೆಯಿಟ್ಟು ಸಾಯುವುದು. ನಮ್ಮ ಸಂಸಾರವನ್ನೂ ಅದರ ಪಂಚಾಂಗಕ್ಕೆ ಕಟ್ಟಿಹಾಕಿದ್ದೀರಿ.

ಇನ್ನು ಮನೆಯ ಸಮಾಚಾರ. ಹಿಂದಿನ ಬಚ್ಚಲು ಈಗ ನನ್ನದಲ್ಲ, ನಿಮ್ಮ ಪರಿವಾರದ್ದು. ಕಳೆದ ರಜೆಯಲ್ಲಿ ನೀವು ಬರುವಾಗ ಒಂದು ಸೀರೆ ತರುತ್ತೀರಿ ಅಂತ ಕಾದರೆ ತಂಪುಪೆಟ್ಟಿಗೆಯ ತುಂಬ ಹುಳು ತಂದಿರಿ. ಕಚೇರಿಯ ಶೀತಕೋಣೆಯ ಯಂತ್ರ ಕೆಟ್ಟಿದೆ, ರಿಪೇರಿಯಾಗುವ ತನಕ ನಮ್ಮ ಬಚ್ಚಲೇ ಊರಿನಲ್ಲೆಲ್ಲ ತಣ್ಣಗಿನ ಜಾಗ, ಬಿಸಿಲೇ ಬೀಳುವುದಿಲ್ಲ, ನಾಲ್ಕು ದಿನದ ಮಟ್ಟಿಗೆ ಅಂದಿರಿ. ಆ ಯಂತ್ರ ರಿಪೇರಿಯಾಗುವ ಲಕ್ಷಣ ಈ ಜನ್ಮದಲ್ಲಿ ಕಾಣೆ. ಐಸ್ ತಟ್ಟೆಯ ಒಂದೊಂದು ಗುಳಿಯಲ್ಲಿ ಒಂದೊಂದು ಹುಳು, ಚಿಟಿಕೆ ಮಣ್ಣು, ಒಂದು ತುಂಡು ಕ್ಯಾರೆಟ್. ಒಟ್ಟಿಗೆ ಇಟ್ಟರೆ ಕಚ್ಚಾಡುತ್ತವೆ, ಕಚ್ಚಿದ ಜಾಗ ಕಪ್ಪಾಗಿ ಸಾಯುತ್ತವೆ, ಬೇರೆ ಬೇರೆ ಇಟ್ಟರೆ ಆರೋಗ್ಯ ಅಂದಿರಲ್ಲ. ಆ ಸೂತ್ರವನ್ನು ನಮ್ಮಿಬ್ಬರಿಗೂ ಹಚ್ಚಿ ನೋಡುತ್ತಿದ್ದೀರೋ ಏನೋ. ನಾನು ಗುರುತಿಗೆ ತಟ್ಟೆಗಳಿಗೆ ದಾರ ಕಟ್ಟಿದ್ದೇನೆ. ನೀವು ಬೂಷ್ಟು ಬೆರೆಸಿದ ಕೆಳಗಿನ ಮಟ್ಟಸ ಹುಲ್ಲುಗಾವಲಿನವಕ್ಕೆ ಕೆಂಪು ದಾರ. ಹೋಲಿಸಿ ನೋಡಲಿಕ್ಕೆ ಅಂತ ಬೇಲಿ ಹಾಕಿ ಏನೂ ಬೆರೆಸದೆ ಬಿಟ್ಟ ಮೇಲಿನ ಇಳಿಜಾರಿನವಕ್ಕೆ ನೀಲಿ ದಾರ. ಕೆಂಪು ದಾರದ್ದು ಸತ್ತರೆ ಒದ್ದೆ ಹತ್ತಿಯ ಜೊತೆ ಶೀಶೆಗೆ ಹಾಕಿ ನಿಮ್ಮ ಪ್ರಯೋಗಾಲಯದ ಬೂಷ್ಟಮ್ಮನಿಗೆ ಕೊಡುವುದು, ನೀಲಿಯದ್ದು ಸತ್ತರೆ ಅದು ಅದರ ಪಾಡಿಗೆ ಸತ್ತದ್ದು, ಅವತ್ತೇ ಎಸೆದು ಗುಳಿ ತೊಳೆಯುವುದು. ನೀವು ಹೇಳಿದ್ದನ್ನು ಅಕ್ಷರ ತಪ್ಪದೆ ನಡೆಸುತ್ತಿದ್ದೇನೆ. ತರಕಾರಿಯವನು ‘ಇಷ್ಟು ಕ್ಯಾರೆಟ್ ತಿಂತೀರಲ್ಲ ಅಕ್ಕ, ಕಣ್ಣಿಗೆ ಒಳ್ಳೇದಂತಾನಾ?’ ಎಂದು ಕೇಳುತ್ತಾನೆ. ಹೂಂ ಅನ್ನುತ್ತೇನೆ. ನಿಜ ಹೇಳಿದರೆ ಅವನು ನಾಳೆಯಿಂದ ನನ್ನನ್ನು ಬೇರೆ ಥರ ನೋಡುತ್ತಾನೆ.

ಬೂಷ್ಟಮ್ಮ ಆಗೊಮ್ಮೆ ಈಗೊಮ್ಮೆ ಬರುತ್ತಾಳೆ. ನಿಮ್ಮ ಪ್ರಯೋಗಾಲಯದಲ್ಲಿ ಆ ಹುಡುಗಿಗೆ ನೀವಿಟ್ಟ ಹೆಸರು ಈಗ ನನ್ನ ಬಾಯಲ್ಲೂ ಕೂತುಬಿಟ್ಟಿದೆ. ಪಾಪ, ಎದುರಿಗೂ ಕರೆದುಬಿಟ್ಟೆ ಒಂದು ಸಲ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಶೀಶೆ ತೆಗೆದುಕೊಳ್ಳುತ್ತಾಳೆ, ‘ಇದ್ರಲ್ಲೂ ಏನೂ ಬಂದಿಲ್ಲ ಅಕ್ಕ’ ಅನ್ನುತ್ತಾಳೆ, ಬಸ್ಸು ತಪ್ಪುತ್ತದೆ ಅಂತ ಓಡುತ್ತಾಳೆ. ಕೂರು, ಕಾಫಿ ಮಾಡುತ್ತೇನೆ ಅಂದರೆ ಮುಂದಿನ ಸಲ ಅನ್ನುತ್ತಾಳೆ. ಅವಳಿಗೂ ಮನೆಯಿದೆ, ಮಗುವಿದೆ. ಅವಳು ಹೋದ ಮೇಲೆ ಮಾಡಿಟ್ಟ ಕಾಫಿಯನ್ನು ಎರಡು ಸಲಕ್ಕೆ ಕುಡಿಯುತ್ತೇನೆ.

ಹೋದ ತಿಂಗಳು ಬಚ್ಚಲಿನ ನಲ್ಲಿ ತೊಟ್ಟಿಕ್ಕಲು ಶುರುವಾಯಿತು. ನಲ್ಲಿ ರಿಪೇರಿಯವನನ್ನು ಕರೆಸಿದೆ. ಮೊದಲೇ ಹೇಳಬೇಕಿತ್ತು, ಮರೆತೆ. ಒಳಗೆ ಹೋದವನು ತಟ್ಟೆಯ ಮುಚ್ಚಳ ಎತ್ತಿ ನೋಡಿ, ‘ಅಯ್ಯಯ್ಯೋ!’ ಅಂತ ಸ್ಪ್ಯಾನರ್ ಅಲ್ಲೇ ಬಿಸಾಕಿ ಅಡುಗೆಮನೆಯವರೆಗೆ ಓಡಿಬಂದ. ‘ಏನಮ್ಮಾ ಇದು, ಸಾಕ್ತೀರೋ ತಿಂತೀರೋ?’ ಎಂದು ಕೇಳಿದ. ‘ಸಾಕ್ತೀನಪ್ಪ, ನಮ್ಮ ಯಜಮಾನರ ಮಕ್ಕಳು’ ಅಂದೆ. ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನಾನು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಷ್ಟು ದಿನವಾಗಿತ್ತೋ ಹಾಗೆ ನಕ್ಕು. ಕೊನೆಗೆ ನಾನೇ ಒಳಗೆ ನಿಂತು ತಟ್ಟೆಗಳಿಗೆ ಟವೆಲ್ ಮುಚ್ಚಿದ ಮೇಲೆ ಅವನು ಗೋಡೆಗೆ ಬೆನ್ನುಕೊಟ್ಟು ನಲ್ಲಿ ಸರಿಮಾಡಿದ. ಹೋಗುವಾಗ ಬಾಗಿಲಲ್ಲಿ ನಿಂತು, ‘ಒಬ್ರೇ ಇರ್ತೀರಾ ಅಮ್ಮಾ?’ ಅಂದ. ಕರುಣೆಯಿಂದಲೇ ಕೇಳಿದ್ದು. ಆದರೂ ಅವನು ಹೋದ ಮೇಲೆ ನಕ್ಕದ್ದೆಲ್ಲ ಇಳಿದುಹೋಯಿತು.

ಅಂಗಡಿಯಲ್ಲಿ ಕೆಲಸ ಜಾಸ್ತಿ. ಹೊಸ ಮನೆಗಳು ಏಳುತ್ತಿವೆ, ಎಲ್ಲರಿಗೂ ಪರದೆ ಬೇಕು. ನಮ್ಮ ಅಂಗಡಿ ಯಜಮಾನಿ ಕಿಟಕಿಯ ಅಳತೆಗೆ ನನ್ನನ್ನೇ ಕಳಿಸುತ್ತಾಳೆ. ‘ನಿಮ್ಮ ಹಾಗೆ ಟೇಪು ಹಿಡಿಯೋರು ಯಾರಿದಾರೆ’ ಅಂತ ಬೆಣ್ಣೆ ಹಚ್ಚುತ್ತಾಳೆ, ಬಿಸಿಲಲ್ಲಿ ಬಸ್ಸು ಹಿಡಿದು ಅಲೆಯುವವಳು ನಾನು. ಮೊನ್ನೆ ಹೊಸದಾಗಿ ಮದುವೆಯಾದವರ ಮನೆಗೆ ಹೋಗಿದ್ದೆ. ಇನ್ನೂ ಪೆಟ್ಟಿಗೆಗಳನ್ನು ಬಿಚ್ಚಿಲ್ಲ, ಗೋಡೆಗೆ ಸುಣ್ಣದ ವಾಸನೆ. ಬಣ್ಣ ಆರಿಸುವಾಗ ಇಬ್ಬರಿಗೂ ಜಗಳ. ಅವಳಿಗೆ ತಿಳಿಹಳದಿ ಬೇಕು, ಅವನಿಗೆ ಬೂದು ಬೇಕು. ‘ನೀವೇ ಹೇಳಿ ಆಂಟಿ’ ಅಂತ ನನ್ನನ್ನು ನಡುವೆ ಎಳೆದರು. ಹಳದಿ ಅಂದೆ. ಯಾಕೆ ಅಂದರೆ ಬೆಳಗಿನ ಹೊತ್ತು ಮನೆಯಲ್ಲಿರುವವಳು ಅವಳು, ಬೆಳಕು ನೋಡುವವಳು ಅವಳು. ಆ ಹುಡುಗ ತಕ್ಷಣ ಸರಿ ಅಂದುಬಿಟ್ಟ, ಅವಳ ತಲೆಗೊಂದು ಮೊಟಕಿದ. ಟೇಪು ಸುತ್ತಿಕೊಳ್ಳುತ್ತಾ ಇದ್ದವಳು ಆಗಲೇ ಅಳೆದ ಕಿಟಕಿಯನ್ನು ಮತ್ತೆ ಅಳೆದೆ. ನೀವು ಯಾವತ್ತೂ ನನ್ನ ತಲೆಗೆ ಮೊಟಕಿದವರಲ್ಲ, ಆ ಮಾತು ಬೇರೆ. ಆದರೆ ಜಗಳವಾಡಲು ಎದುರಿಗಾದರೂ ಇದ್ದಿರಿ. ಪರದೆ ಬೇಡ, ಗಾಳಿ ಬರಲಿ ಎಂದು ನೀವು ಹಟ ಹಿಡಿದದ್ದಕ್ಕೆ ನಮ್ಮ ಮಲಗುವ ಕೋಣೆಯ ಕಿಟಕಿ ಇವತ್ತಿಗೂ ಬೋಳಾಗಿದೆ. ಊರಿಗೆಲ್ಲ ಪರದೆ ಹೊಲಿಯುವವಳ ಮನೆಗೆ ಪರದೆಯಿಲ್ಲ. ನೀವಿಲ್ಲದಾಗ ಹಾಕಿಬಿಡಬಹುದಿತ್ತು. ಹಾಕಲಿಲ್ಲ. ನೀವು ಬಂದು ಬೇಡ ಅನ್ನಲಿ ಅಂತ ಇಟ್ಟುಕೊಂಡಿದ್ದೇನೆ.

ಈಗ ಜ್ವರದ ವಿಷಯ. ನಿಮ್ಮ ಕಾಗದ ಬರುವುದಕ್ಕೆ ಮುಂಚೆಯೇ ಬಂದದ್ದು. ಎಲ್ಲರಿಗೂ ಬರುವಂಥದೇ, ಡಾಕ್ಟರು ಮಾತ್ರೆ ಕೊಟ್ಟು ಮಲಗಿ ಅಂದರು. ಮಲಗಿದೆ. ಒಂದು ವಾರದ ಮೇಲೇ ಮಲಗಿದ್ದೆ. ಮಗಳಿಗೆ ಹೇಳಲಿಲ್ಲ, ಹೇಳಿದರೆ ಕೆಲಸ ಬಿಟ್ಟು ಓಡಿಬರುತ್ತಾಳೆ, ಬಂದು ನನಗಿಂತ ಹೆಚ್ಚು ಅಳುತ್ತಾಳೆ. ಅವಳ ಫೋನಿಗೆ ಕೆಲಸದಲ್ಲಿದ್ದೇನೆ ಅಂತ ಮೆಸೇಜು ಮಾತ್ರ ಹಾಕುತ್ತಿದ್ದೆ. ನಿಮಗೆ ಹೇಳಲು ಅಲ್ಲಿ ಫೋನು ಸಿಕ್ಕರೂ ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಎದ್ದು ನೀರು ಕುಡಿಯುವುದು, ಬಿಸ್ಕತ್ತು ತಿನ್ನುವುದು, ಮತ್ತೆ ಮಲಗುವುದು. ಹುಳುಗಳ ಕಡೆ ಹೋಗಲು ಆಗಲಿಲ್ಲ. ಕ್ಯಾರೆಟ್ಟು ಹೆಚ್ಚಲು ಕೈಯಲ್ಲಿ ಚಾಕು ನಿಲ್ಲುತ್ತಿರಲಿಲ್ಲ. ಮಲಗಿದಲ್ಲೇ ನಿಮ್ಮ ಮುಖ ನೆನೆಸಿಕೊಂಡು, ಇವರು ಬಂದು ಮೊದಲು ನನ್ನನ್ನು ಕೇಳುತ್ತಾರೋ, ಹುಳುಗಳನ್ನು ಕೇಳುತ್ತಾರೋ ಅಂತ ಯೋಚಿಸುತ್ತಿದ್ದೆ. ಸಿಟ್ಟಾಗಬೇಡಿ, ಜ್ವರದಲ್ಲಿ ಏನೇನೋ ಯೋಚನೆ ಬರುತ್ತದೆ. ಜ್ವರ ಬಿಟ್ಟ ಮೇಲೆ ಹೋಗಿ ನೋಡಿದೆ. ಹಸಿವಿಗೆ ಬಡಕಲಾಗಿದ್ದವು, ಒಂದಿಷ್ಟು ಸತ್ತೂ ಇದ್ದವು, ಅದು ಇದ್ದದ್ದೇ. ಉಳಿದವಕ್ಕೆ ಉಪಚಾರ ಮಾಡಿದ್ದೇನೆ, ತಿನ್ನುತ್ತಿವೆ.

ಆದರೆ ಜ್ವರಕ್ಕಿಂತ ನನಗೆ ಹೆದರಿಕೆ ಆದದ್ದು ಬೇರೆ. ಜ್ವರ ಬಿಟ್ಟ ದಿನ ಅಂಗಡಿ ಯಜಮಾನಿ ಫೋನ್ ಮಾಡಿದಳು, ಯಾಕೆ ಬಂದಿಲ್ಲ ಅಂತ. ಹಲೋ ಅನ್ನಲು ಹೋದರೆ ಧ್ವನಿಯೇ ಹೊರಡಲಿಲ್ಲ. ಗಂಟಲು ನೋವಿನಿಂದ ಅಂತ ಅಂದುಕೊಂಡೆ. ಆಮೇಲೆ ಯೋಚಿಸಿದರೆ, ಮಲಗಿದಾಗಿನಿಂದ ಯಾರ ಜೊತೆಯೂ ಒಂದು ಮಾತೂ ಆಡಿರಲಿಲ್ಲ ನಾನು. ನನ್ನ ಧ್ವನಿ ನನಗೇ ಮರೆತುಹೋಗಿತ್ತು. ಅವತ್ತು ಎದ್ದು ಮುಖ ತೊಳೆದುಕೊಂಡು ಬಕೆಟ್ಟು ಬೋರಲು ಹಾಕಿ ಹಿಂದಿನ ಬಚ್ಚಲಲ್ಲಿ ಕೂತೆ. ಹುಳುಗಳ ಜೊತೆ ಮಾತಾಡಿದೆ. ನಗಬೇಡಿ. ಏನ್ರಪ್ಪಾ, ನಿಮ್ಮ ಯಜಮಾನರು ಎಲ್ಲಿ, ನನ್ನ ಯಜಮಾನರು ಎಲ್ಲಿ ಅಂತ ಕೇಳಿದೆ. ಕೇಳಿ ಅಲ್ಲೇ ಅತ್ತೆ. ಇಷ್ಟು ವರ್ಷದ ಮೇಲೆ ನಿಮ್ಮ ಹುಳುಗಳ ಮುಂದೆ ಅಳುವ ಹೆಂಡತಿ ನಾನೊಬ್ಬಳೇ ಇರಬೇಕು ಈ ಪ್ರಪಂಚದಲ್ಲಿ.

ಅದಕ್ಕೇ ಈಗ ನಿಮ್ಮ ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ಬಂದುಬಿಡಿ. ಸುತ್ತಿಬಳಸಿ ಬರೆಯುವುದು ನನಗೆ ಬರುವುದಿಲ್ಲ. ನೀವು ಮೊದಲ ಸಲ ಹೋಗುವಾಗ ಹೋಗಿಬನ್ನಿ ಅಂದವಳು ನಾನೇ, ನಗುತ್ತಲೇ ಕಳಿಸಿದ್ದೆ, ನೆನಪಿದೆಯಲ್ಲ. ಆಗ ಆ ಹಾಲಿನಮ್ಮನ ಕಥೆ ಕೇಳಿ ನನಗೂ ಹೋಗಲಿ, ಪಾಪ ಅನ್ನಿಸಿತ್ತು. ನಿಮ್ಮ ಕೈಯಿಂದ ಆಗುವುದಾದರೆ ಆಗಲಿ ಅನ್ನಿಸಿತ್ತು. ಆಗಲಿಲ್ಲ. ಆಗಲಿಲ್ಲ ಅಂದರೆ ನಿಮ್ಮ ತಪ್ಪೂ ಅಲ್ಲ. ಇನ್ನೆರಡು ವರ್ಷ, ಇದೆಯೋ ಇಲ್ಲವೋ ಗೊತ್ತಿಲ್ಲದ್ದನ್ನು ಆ ಚಳಿಯಲ್ಲಿ ಮಂಡಿಯೂರಿ ಹುಡುಕುತ್ತಾ ಕೂರುತ್ತೀರೇ? ನಿಮಗೂ ವಯಸ್ಸಾಯಿತು. ನನಗೂ ಆಯಿತು, ಆದರೆ ಅದನ್ನು ನೀವು ಹೇಳಕೂಡದು. ಮೇಜಿನ ಮುಂದೆ ಕೂರುವುದು ನಿಮಗೆ ಶಿಕ್ಷೆ ಅಂತ ನನಗೆ ಗೊತ್ತು. ಸಂಜೆ ಮುಖ ಊದಿಸಿಕೊಂಡು ಬರುತ್ತೀರಿ, ಚಪ್ಪಲಿಯನ್ನು ಎಲ್ಲೋ ಎಸೆಯುತ್ತೀರಿ, ಪೇಪರಿನ ಹಿಂದೆ ಅಡಗಿ ಕೂರುತ್ತೀರಿ. ಕೂರಿ. ಆ ಪೇಪರಿನ ಹಿಂದೆ ನೀವಿದ್ದೀರಿ ಅಂತ ಗೊತ್ತಿದ್ದರೆ ನನಗೆ ಸಾಕು. ನನಗೆ ಒಬ್ಬಳೇ ಇರಲು ಆಗುತ್ತಿಲ್ಲ ರೀ. ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ. ನಿಮಗೆ ಹೇಳಿದ್ದೇನೆ.

ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ಹಾಲಿನಮ್ಮನಿಗೆ ನನ್ನ ನಮಸ್ಕಾರ ತಿಳಿಸಿ, ಅವಳ ಹಸುಗಳು ಅವಳ ಬಳಿಯೇ ಇರುವಂತಾಗಲಿ. ಮಗಳು ಅಪ್ಪನಿಗೆ ಮುತ್ತು ಕಳಿಸಿದ್ದಾಳೆ. ನನ್ನ ಪಾಲಿನದ್ದು ನೀವು ಬಂದ ಮೇಲೆ, ಅದೂ ಸ್ನಾನ ಮಾಡಿ ಉಗುರೊಳಗಿನ ಮಣ್ಣು ತೊಳೆದುಕೊಂಡ ಮೇಲೆ.

ದಾರಿ ಕಾಯುತ್ತಿರುವ
ನಿಮ್ಮವಳು

ತಾ.ಕ.: ಲಕೋಟೆ ಅಂಟಿಸಿ, ಚಪ್ಪಲಿ ಮೆಟ್ಟಿ, ಅಂಚೆಪೆಟ್ಟಿಗೆಯವರೆಗೆ ಹೋಗಿ ವಾಪಸ್ಸು ಬಂದಿದ್ದೇನೆ. ಒಳಗೆ ಹಾಕಲು ಕೈ ಬರಲಿಲ್ಲ. ಲಕೋಟೆ ಹರಿದು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಳ್ಳಿ. ಮೇಲೆ ಒಂದು ವಿಷಯ ಬರೆಯಲಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಜ್ವರ ಬಿಟ್ಟ ಮೇಲೆ ನೋಡಿದಾಗ ಕೆಂಪು ದಾರದ ತಟ್ಟೆಯಲ್ಲಿ ಸತ್ತವು ಎಂದಿನ ಹಾಗೆ ಕಪ್ಪಗೆ ಕೊಳೆತಿದ್ದವು. ನೀಲಿ ದಾರದವು ಕೊಳೆತಿರಲಿಲ್ಲ. ಕಡ್ಡಿಯ ಹಾಗೆ ಸೆಟೆದುಕೊಂಡಿದ್ದವು, ಮೈಮೇಲೆಲ್ಲ ಹಸಿರು ಪುಡಿ. ಒಂದೆರಡಲ್ಲ, ಸತ್ತವೆಲ್ಲ ಹಾಗೇ. ನೀವು ಏನೂ ಬೆರೆಸದ ಇಳಿಜಾರಿನವು ರೀ, ಈ ತಣ್ಣಗಿನ ಬಚ್ಚಲಲ್ಲಿ! ಸತ್ತ ದಿನವೇ ಎಸೆ ಅಂದಿದ್ದಿರಿ, ಎಸೆಯುತ್ತಿದ್ದೆ. ನೀವೂ ಅಲ್ಲಿ ಎಸೆಯುತ್ತಿದ್ದೀರಿ. ಹಸಿರಾಗಲು ಅವಕ್ಕೆ ನಾವಿಬ್ಬರೂ ಪುರುಸೊತ್ತೇ ಕೊಟ್ಟಿರಲಿಲ್ಲ. ನಾನು ಮಲಗಿದ್ದಕ್ಕೆ ಅವಕ್ಕೆ ಪುರುಸೊತ್ತು ಸಿಕ್ಕಿತು. ನೀವು ಊರೆಲ್ಲ ಹುಡುಕಿದ್ದು ನಿಮ್ಮ ಬೇಲಿಯೊಳಗೇ ಇತ್ತು ಅಂತ ಕಾಣುತ್ತದೆ. ನಿಮ್ಮ ಕಾಗದ ಬಂದ ದಿನ ಆ ತಟ್ಟೆಯನ್ನು ಕಸದ ಬುಟ್ಟಿಯ ಮೇಲೆ ಹಿಡಿದುಕೊಂಡು ಎಷ್ಟೋ ಹೊತ್ತು ನಿಂತಿದ್ದೆ. ಕೊಡವಿಬಿಟ್ಟರೆ ನೀವು ಮನೆಗೆ ಬರುತ್ತಿದ್ದಿರಿ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಗಲಿಲ್ಲ ನನ್ನಿಂದ, ನಿಮಗೆ ಬರೆಯದೆ ಮುಚ್ಚಿಟ್ಟೆ. ಅಂಚೆಪೆಟ್ಟಿಗೆಯ ಮುಂದೆ ಅದೂ ಆಗಲಿಲ್ಲ. ಈಗಷ್ಟೇ ಬೂಷ್ಟಮ್ಮನಿಗೆ ಫೋನ್ ಮಾಡಿದೆ. ಯಾವ ದಾರದ್ದು ಅಂತ ಎರಡು ಸಲ ಕೇಳಿದಳು, ಆಮೇಲೆ ‘ಅಕ್ಕಾ, ಏನೂ ಮುಟ್ಬೇಡಿ, ಬಂದೆ’ ಅಂದಳು. ಬರುತ್ತಿದ್ದಾಳೆ. ಮೇಲೆ ಬಂದುಬಿಡಿ ಅಂತ ಬರೆದದ್ದನ್ನು ಹೊಡೆದುಹಾಕುವುದಿಲ್ಲ, ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನಿಮ್ಮ ದಪ್ಪ ಬಟ್ಟೆಗಳನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದ್ದೇನೆ, ನಾಡಿದ್ದು ಕಳಿಸುತ್ತೇನೆ.